ಗೇಣುದ್ದದ ಓಟದ ಗಾಡಿ

ನೆವಾರ್ಕ್, ನ್ಯೂಜೆರ್ಸಿ
9 ಫೆಬ್ರವರಿ 1913, ಭಾನುವಾರ

ಪ್ರೀತಿಯ ಗುನ್‌ಹಿಲ್ಡ್ ಅಕ್ಕನಿಗೆ,

ಮೂರು ತಿಂಗಳಿಂದ ಪತ್ರವಿಲ್ಲವೆಂದು ನೀನು ಬೈದುಕೊಂಡಿರುತ್ತೀಯ. ಬೈಯಿ, ತಪ್ಪು ನನ್ನದೇ. ಕರೆಗಂಟೆ ಮಾಡುವ ಕಾರ್ಖಾನೆ ಬಿಟ್ಟು ಈಗ ಬ್ರಾಕ್‌ಮನ್ ಎಂಬವರ ಹತ್ತಿರ ಸೇರಿದ್ದೇನೆ. ಸಣ್ಣ ಕಾರ್ಖಾನೆ, ನಲವತ್ತು ಜನ ಇದ್ದೇವೆ. ಮೋಟಾರಿಗೆ ತಂತಿ ಸುತ್ತುವುದು ನನ್ನ ಕೆಲಸ.

ಅಕ್ಕಾ, ನಾವು ಓಟದ ಗಾಡಿ ಮಾಡುತ್ತಿದ್ದೇವೆ. ಕುದುರೆಯೂ ಬೇಡ, ಪೆಟ್ರೋಲೂ ಬೇಡ, ಬರೀ ವಿದ್ಯುತ್ತು. ಲೋಹದ ದಾರಿ, ಅದರ ನಡುವೆ ಉದ್ದಕ್ಕೂ ಒಂದು ಸೀಳು. ಗಾಡಿ ಆ ಸೀಳನ್ನು ಬಿಟ್ಟು ಆಚೀಚೆ ಹೋಗುವುದಿಲ್ಲ, ಬೇಕಾದ ವಿದ್ಯುತ್ತನ್ನು ದಾರಿಯಿಂದಲೇ ಎಳೆದುಕೊಳ್ಳುತ್ತದೆ. ಪಕ್ಕಪಕ್ಕದಲ್ಲಿ ಎರಡು ದಾರಿ, ಎರಡು ಗಾಡಿ. ಒಂದೊಂದರಲ್ಲೂ ಕನ್ನಡಕ ಹಾಕಿಕೊಂಡ ಚಾಲಕ, ಪಕ್ಕದಲ್ಲಿ ಅವನ ಮೆಕ್ಯಾನಿಕ್.

ಕಳೆದ ಮಂಗಳವಾರ ಮೊದಲ ಸಲ ಓಡಿಸಿದೆವು. ಬ್ರಾಕ್‌ಮನ್ ಹಿಡಿಕೆಯನ್ನು ನನ್ನ ಕಡೆ ತಳ್ಳಿ, "ತಂತಿ ಸುತ್ತಿದವನು ನೀನು. ನೀನೇ ಓಡ್ಸಪ್ಪ" ಎಂದರು. ನಾನು ಹಿಡಿಕೆಯನ್ನು ಒಂದು ಕೂದಲೆಳೆಯಷ್ಟು ಸರಿಸಿದೆ. ದೂರದಲ್ಲಿದ್ದ ಗಾಡಿ ಹೊರಟಿತು. ಇನ್ನಷ್ಟು ಸರಿಸಿದೆ, ವೇಗ ಹೆಚ್ಚಾಯಿತು. ಹಿಂದಕ್ಕೆ ಎಳೆದೆ, ನಿಧಾನವಾಯಿತು. ಅದಕ್ಕೂ ನನಗೂ ನಡುವೆ ತಂತಿ ಬಿಟ್ಟರೆ ಏನೂ ಇಲ್ಲ! ನನ್ನ ಮನಸ್ಸಿನಲ್ಲಿದ್ದದ್ದು ಅಲ್ಲಿ ಹೋಗಿ ಚಕ್ರವಾಗಿ ತಿರುಗುತ್ತಿತ್ತು.

ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ನೀನು, ಶಾಲೆಯ ಸಂಬಳದಲ್ಲಿ ವಿದ್ಯುತ್ ಕೆಲಸ ಓದಿಸಿದವಳೂ ನೀನು. ಅದಕ್ಕೇ ಮೊದಲು ನಿನಗೆ ಬರೆಯಬೇಕೆನಿಸಿತು. ಹೆಚ್ಚು ಹೇಳುವಂತಿಲ್ಲ. ಮಾರುಕಟ್ಟೆಗೆ ಬರುವವರೆಗೆ ಬಾಯಿ ಬಿಡಬಾರದೆಂದು ಮಾಲೀಕರ ಆಜ್ಞೆ.

ನಿನ್ನ ತಮ್ಮ
ಸಿವರ್ಟ್


ಲೋಮೆನ್, ಉತ್ತರ ಡಕೋಟ
2 ಮಾರ್ಚ್ 1913

ತಮ್ಮಾ ಸಿವರ್ಟ್,

ನಿನ್ನ ಪತ್ರ ಬಂದು ಹತ್ತು ದಿನವಾಯಿತು. ಇನ್ನೂ ನನ್ನ ಕಾಲು ನೆಲದ ಮೇಲೆ ನಿಂತಿಲ್ಲ. ಓಟದ ಗಾಡಿ! ನಮ್ಮ ಸಿವರ್ಟ್, ಹಾಲಿನ ಕ್ಯಾನಿನ ಮುಚ್ಚಳ ಬಿಚ್ಚಿ ಚಕ್ರ ಮಾಡಿ ನನ್ನಿಂದ ಏಟು ತಿಂದವನು!

ಆ ಪತ್ರವನ್ನು ಚರ್ಚಿನ ಹೆಂಗಸರ ಹೊಲಿಗೆ ಕೂಟದಲ್ಲಿ ಗಟ್ಟಿಯಾಗಿ ಓದಿದೆ. ಮರಿತ್ ಚಿಕ್ಕಮ್ಮ ಸೂಜಿ ಕೈಯಲ್ಲಿ ಹಿಡಿದವರು ಹಾಗೇ ಕುಳಿತಿದ್ದರು. "ಮನಸ್ಸಲ್ಲಿ ಇರೋದು ಹೋಗಿ ಚಕ್ರ ಆಗುತ್ತಂತೆ, ಇನ್ನೊಂದ್ಸಲ ಓದೇ" ಎಂದರು. ಮತ್ತೆ ಓದಿದೆ. ಅಂಗಡಿಯ ಎಲ್ಲಿಂಗ್ ರೂಸ್ಟಾಡ್‌ಗೆ ಸುದ್ದಿ ಮುಟ್ಟಲು ಎಷ್ಟು ಹೊತ್ತು ಬೇಕು? ಸೀಮೆಎಣ್ಣೆ ಅಳೆಯುತ್ತಾ ನನ್ನ ಮುಖಕ್ಕೇ ಹೇಳಿದ: "ಏನ್ ಮೇಷ್ಟ್ರಮ್ಮ, ಮಿಂಚು ಹಿಡ್ಕೊಂಡು ಗಾಡಿ ಓಡಿಸ್ತಾನಂತೆ ನಿಮ್ ತಮ್ಮ? ನಮ್ ಹಸು ಬಡಿಯೋ ಸಿಡಿಲು ಅದೇ ಅಲ್ವಾ?"

ಅವನಿಗೆ ಹೊಟ್ಟೆಯುರಿ, ಯಾಕೆಂದು ಕೇಳು. ಊರಿಗೆ ಡೈನಮೋ ತರಿಸಿ ಬೀದಿಗೂ ಮನೆಗೂ ವಿದ್ಯುತ್ ದೀಪ ಹಾಕಿಸಬೇಕೆಂದು ನಾನು ಒಂದು ವರ್ಷದಿಂದ ಬಾಯಿ ಬಡಿದುಕೊಳ್ಳುತ್ತಿದ್ದೇನೆ. ಜುಲೈ ಐದಕ್ಕೆ ಊರಿನ ಸಭೆ, ಗಂಡಸರು ಕೈ ಎತ್ತಿ ತೀರ್ಮಾನ ಮಾಡುತ್ತಾರೆ. ನನಗೆ ಎತ್ತಲು ಕೈಯಿಲ್ಲ, ಆಡಲು ಬಾಯಿದೆ. ದೀಪ ಬಂದರೆ ರೂಸ್ಟಾಡ್‌ನ ಸೀಮೆಎಣ್ಣೆಯನ್ನು ಯಾರು ಕೇಳುತ್ತಾರೆ?

ಒಂದಿಷ್ಟು ಪ್ರಶ್ನೆ. ಗಾಡಿಯ ತೂಕ ಎಷ್ಟು? ಎಷ್ಟು ಕುದುರೆಯ ಶಕ್ತಿ? ಓಡುವಾಗ ನೀನೂ ಒಳಗೆ ಕೂರುತ್ತೀಯಾ? ಕೂರುವುದಾದರೆ ತಲೆಗೆ ಚರ್ಮದ ಟೋಪಿ ಹಾಕಿಕೋ, ನನ್ನ ಮೇಲೆ ಆಣೆ.

ಅಕ್ಕ


ನೆವಾರ್ಕ್
16 ಮಾರ್ಚ್ 1913
(ಅಂಚೆಗೆ ಹಾಕದೆ ಉಳಿದ ಪತ್ರ)

ಅಕ್ಕಾ,

ತೂಕ ಕೇಳಿದ್ದೀಯ. ಒಂದು ಪೌಂಡಿಗಿಂತ ಸ್ವಲ್ಪ ಹೆಚ್ಚು. ಉದ್ದ ಒಂದು ಗೇಣು. ತಗಡಿನ ಮೈ, ತಗಡಿನ ಚಾಲಕ. ನಾನು ಒಳಗೆ ಕೂರುವುದಿಲ್ಲ ಅಕ್ಕಾ, ನನ್ನ ಹೆಬ್ಬೆರಳು ಕೂಡ ಕೂರುವುದಿಲ್ಲ. ಬ್ರಾಕ್‌ಮನ್ ಅವರದು ಆಟಿಕೆ ಕಾರ್ಖಾನೆ.

ನೀನು ನನ್ನನ್ನು ಓದಿಸಿದ್ದು ಊರೂರಿಗೆ ದೀಪ ಹಾಕಲಿ ಎಂದು. ನಾಲ್ಕು ಕಂಪನಿಗಳ ಬಾಗಿಲು ತಟ್ಟಿದೆ, ಒಂದರಲ್ಲೂ ಕೆಲಸ ಸಿಗಲಿಲ್ಲ. ಕೊನೆಗೆ ಸಿಕ್ಕಿದ್ದು ಇದು. ಆದರೆ ಒಂದು ಮಾತು ನಂಬು, ಹಿಡಿಕೆ ಹಿಡಿದಾಗ ನನಗೆ ಅನಿಸಿದ್ದೆಂದು ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಕೀಲಿ ಕೊಟ್ಟು ಬಿಡುವ ಆಟಿಕೆ, ಬಿಟ್ಟ ಮೇಲೆ ನಮ್ಮ ಮಾತು ಕೇಳುವುದಿಲ್ಲ. ಇದು ಓಡುತ್ತಾ ಓಡುತ್ತಾ ಕೇಳುತ್ತದೆ. ಇಂಥದ್ದನ್ನು ನಾನು ಕಂಡಿರಲೇ ಇಲ್ಲ.

ಈ ಪತ್ರವನ್ನು ನೀನು ಯಾರೆದುರು ಓದುತ್ತೀಯ?


ನೆವಾರ್ಕ್
17 ಮಾರ್ಚ್ 1913

ಪ್ರೀತಿಯ ಅಕ್ಕನಿಗೆ,

ಪತ್ರ ಬಂತು, ಸಂತೋಷವಾಯಿತು. ಓಡುವಾಗ ನಾನು ಒಳಗೆ ಕೂರುವುದಿಲ್ಲ, ಹೊರಗೆ ನಿಂತೇ ನಡೆಸುತ್ತೇನೆ, ಹೆದರಬೇಡ. ತೂಕ ಮತ್ತು ಶಕ್ತಿಯ ವಿಷಯ ಮಾಲೀಕರ ಗುಟ್ಟು, ಕ್ಷಮಿಸು. ತಿರುವಿನಲ್ಲಿ ವೇಗ ಮಿತಿಮೀರಿದರೆ ಗಾಡಿ ಮಗುಚುತ್ತದೆ, ಈಗ ಅದನ್ನೇ ಸರಿಪಡಿಸುತ್ತಿದ್ದೇವೆ. ಇಲ್ಲಿ ಇನ್ನೂ ಚಳಿಯಿದೆ. ಮರಿತ್ ಚಿಕ್ಕಮ್ಮನಿಗೆ ನಮಸ್ಕಾರ ಹೇಳು. ಊರಿನಲ್ಲಿ ನನ್ನ ವಿಷಯ ಹೆಚ್ಚು ಹೇಳಬೇಡ, ದಯವಿಟ್ಟು.

ಸಿವರ್ಟ್


ಲೋಮೆನ್
11 ಮೇ 1913

ತಮ್ಮಾ,

ಹೆಚ್ಚು ಹೇಳಬೇಡ ಎಂದು ಬರೆದಿದ್ದೆ. ನಿನ್ನ ಈ ಸಂಕೋಚ ಚಿಕ್ಕಂದಿನದು, ನನಗೆ ಹೊಸದಲ್ಲ. ಆದರೆ ನೀನು ತಡ ಮಾಡಿದೆ, ನಾನು ಹೇಳಿ ಆಗಿಹೋಗಿತ್ತು.

ಕಳೆದ ಬುಧವಾರ ಚರ್ಚಿನ ಊಟಕ್ಕೆ ಊರೆಲ್ಲ ಸೇರಿತ್ತು. ರೂಸ್ಟಾಡ್ ಎದ್ದು ನಿಂತು ಉಪದೇಶ ಶುರುಮಾಡಿದ. "ವಿದ್ಯುತ್ತು ಅನ್ನೋದು ನ್ಯೂಯಾರ್ಕ್‌ನೋರ ಮೋಸ ಕಣ್ರಪ್ಪ. ಕಣ್ಣಿಗ್ ಕಾಣಲ್ಲ, ಮೂಗಿಗ್ ವಾಸ್ನೆ ಇಲ್ಲ, ಕೈಲಿ ಮುಟ್ಟಿದ್ರೆ ಸಾಯ್ತೀರ. ಇಂಥದ್ದಕ್ ದುಡ್ ಕೊಡ್ತೀರಾ?" ಜನ ತಲೆಯಾಡಿಸುತ್ತಿದ್ದರು. ನನ್ನ ತಟ್ಟೆಯಲ್ಲಿ ಲೆಫ್ಸೆ ರೊಟ್ಟಿ ಹಾಗೇ ಇತ್ತು. ಎದ್ದು ಹೇಳಿಬಿಟ್ಟೆ: "ಕಣ್ಣಿಗೆ ಕಾಣೋ ಹಾಗೆ ತೋರಿಸ್ತೀನಿ ರೂಸ್ಟಾಡ್ ಅವರೇ. ಜುಲೈ ನಾಲ್ಕರ ಸ್ವಾತಂತ್ರ್ಯದ ಹಬ್ಬಕ್ಕೆ ನನ್ನ ತಮ್ಮ ಅವನ ಗಾಡಿ ತರ್ತಾನೆ. ಎರಡು ಗಾಡಿ ಇಲ್ಲೇ ಪಂದ್ಯ ಓಡ್ತವೆ. ನೀವೇ ಬಂದು ಓಡ್ಸಿ."

ಕೇಳು, ಊರು ಹುಚ್ಚೆದ್ದಿದೆ! ಮರಿತ್ ಚಿಕ್ಕಮ್ಮ ಅವರ ಹುಲ್ಲುಗಾವಲನ್ನೇ ಬಿಟ್ಟುಕೊಟ್ಟಿದ್ದಾರೆ. ಆರು ಜೋಡಿ ಕುದುರೆ ಕಟ್ಟಿ, ಅರ್ಧ ಮೈಲಿ ಸುತ್ತಳತೆಯ ದಾರಿಯನ್ನು ಗೀರಿ ಸಮ ಮಾಡಿದ್ದಾರೆ. ನಿನ್ನ ಲೋಹದ ದಾರಿ ಹಾಸಲು ಅಷ್ಟು ಜಾಗ ಸಾಕೇ?

ರೈಲಿನಲ್ಲಿ ತರಲು ಎಷ್ಟು ಡಬ್ಬಿ ಬೇಕಾಗುತ್ತದೋ ಬರೆ. ಸ್ಟೇಷನ್ ಮಾಸ್ತರರು ಕೇಳುತ್ತಿದ್ದಾರೆ. ನೀನು ಈ ಊರು ಬಿಟ್ಟು ಐದು ವರ್ಷವಾಯಿತು.

ಅಕ್ಕ


ನೆವಾರ್ಕ್
12 ಜೂನ್ 1913

ಅಕ್ಕಾ,

ನಿನ್ನ ಪತ್ರ ಬಂದು ನಾಲ್ಕು ವಾರವಾಯಿತು. ಉತ್ತರ ಬರೆಯಲು ಒಂಬತ್ತು ಸಲ ಕುಳಿತೆ.

ನಿನಗೆ ಇವತ್ತು ರೈಲ್ವೆ ಪಾರ್ಸಲಿನಲ್ಲಿ ಒಂದು ಪೆಟ್ಟಿಗೆ ಕಳಿಸಿದ್ದೇನೆ. ಒಬ್ಬ ಮನುಷ್ಯ ಕಂಕುಳಲ್ಲಿ ಹೊತ್ತುಕೊಂಡು ಹೋಗಬಹುದಾದಷ್ಟು ದೊಡ್ಡದು. ಅದರೊಳಗೆ ಎರಡೂ ಗಾಡಿ ಇವೆ, ದಾರಿಯೂ ಇದೆ, ಹಿಡಿಕೆಗಳೂ ಇವೆ. ಇದನ್ನು ಓದಿ ನಿನಗೆ ಅರ್ಥವಾಗಿರುತ್ತದೆ. ನಾನು ಮಾಡುತ್ತಿರುವುದು ಆಟಿಕೆ. ಸುಳ್ಳು ಹೇಳಲಿಲ್ಲ, ಆದರೆ ನಿಜವನ್ನೂ ಹೇಳಲಿಲ್ಲ.

ಎಂಟು ಸೆಲ್ಲುಗಳನ್ನು ಒಂದರ ಹಿಂದೆ ಒಂದು ಸಾಲಾಗಿ ಜೋಡಿಸಿದರೆ ಓಡುತ್ತದೆ. ಜೋಡಿಸುವ ಬಗೆಯನ್ನು ಚೀಟಿಯಲ್ಲಿ ಬರೆದಿಟ್ಟಿದ್ದೇನೆ. ನಾನು ಬರುವುದಿಲ್ಲ. ಕೆಲಸ ಬಿಡಲಾಗುವುದಿಲ್ಲ ಎಂದು ಬರೆಯೋಣವೆಂದುಕೊಂಡಿದ್ದೆ, ಅದೂ ಸುಳ್ಳೇ. ಬ್ರಾಕ್‌ಮನ್ ರಜೆ ಕೊಟ್ಟಿದ್ದಾರೆ. ಆ ಜನರ ಮುಂದೆ ನಿಲ್ಲಲು ನನಗೆ ಧೈರ್ಯವಿಲ್ಲ.

ಸಿವರ್ಟ್


ಲೋಮೆನ್
13 ಜೂನ್ 1913

ತಮ್ಮಾ,

ಒಂದು ತಿಂಗಳಾದರೂ ನಿನ್ನಿಂದ ಸುದ್ದಿಯಿಲ್ಲ. ಗಾಡಿ ಹೊರಡಿಸುವ ಗಡಿಬಿಡಿಯಲ್ಲಿರುತ್ತೀಯೆಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ.

ಒಂದು ವಿಷಯವನ್ನು ನಿನ್ನಿಂದ ಮುಚ್ಚಿಟ್ಟಿದ್ದೆ. ನೀನು ಗಾಬರಿಯಾಗಬಾರದೆಂದು. ರೂಸ್ಟಾಡ್ ಈಗ ಶಾಲೆಯ ಸಮಿತಿಗೆ ಅಧ್ಯಕ್ಷ. ಸೋಮವಾರ ನನ್ನನ್ನು ಕರೆಸಿ, "ಊರಿನ್ ಜನಕ್ಕೆ ಕಟ್ಟುಕತೆ ಹೇಳೋ ಮೇಷ್ಟ್ರಮ್ಮ ಮಕ್ಕಳಿಗೇನ್ ಕಲಿಸ್ತಾರೆ? ಮುಂದಿನ್ ವರ್ಷಕ್ಕೆ ಬೇರೆಯವ್ರನ್ನ ನೋಡ್ಬೇಕಾಗುತ್ತೆ" ಎಂದ. ನನಗೆ ಎಲ್ಲಿತ್ತೋ ಸಿಟ್ಟು. ಶಾಲೆಯ ಬೀಗದ ಕೈಯನ್ನು ಅವನ ಮುಂದೆ ಆಡಿಸಿ ಹೇಳಿದೆ: "ಜುಲೈ ನಾಲ್ಕಕ್ಕೆ ವಿದ್ಯುತ್ತಿನ ಗಾಡಿ ನಿಮ್ಮ ಕಣ್ಮುಂದೆ ಓಡದೇ ಇದ್ರೆ ಇದನ್ನ ನಾನೇ ತಂದು ನಿಮ್ಮ ಮೇಜಿನ ಮೇಲೆ ಇಡ್ತೀನಿ."

ಹದಿನೇಳು ವರ್ಷದ ಶಾಲೆ, ಸಿವರ್ಟ್. ಅದು ಬಿಟ್ಟರೆ ನನಗೆ ಬೇರೇನೂ ಗೊತ್ತಿಲ್ಲ. ಆದರೆ ನನಗೆ ಹೆದರಿಕೆಯಿಲ್ಲ. ನೀನು ಬರುತ್ತೀಯ.

ಅಕ್ಕ


ನೆವಾರ್ಕ್
17 ಜೂನ್ 1913

ಅಕ್ಕಾ,

ನಿನ್ನ ಹದಿಮೂರನೆಯ ತಾರೀಖಿನ ಪತ್ರ ಈಗ ಬಂತು. ನನ್ನದೂ ನಿನ್ನದೂ ದಾರಿಯಲ್ಲಿ ಒಂದನ್ನೊಂದು ದಾಟಿ ಹೋಗಿವೆ. ತಂತಿ ಸಂದೇಶವನ್ನೂ ಕಳಿಸಿದ್ದೇನೆ. ಪೆಟ್ಟಿಗೆಯನ್ನು ಯಾರೆದುರೂ ತೆರೆಯಬೇಡ. ರೈಲಿನಲ್ಲೇ ಕೆಟ್ಟುಹೋಯಿತು ಎನ್ನು. ನಾನು ಕೈ ಮುರಿದುಕೊಂಡಿದ್ದೇನೆ ಎನ್ನು. ಏನಾದರೂ ಹೇಳು. ನಿನ್ನ ಶಾಲೆಯನ್ನು ನಾನು ಕಳೆದೆ.

ಸಿವರ್ಟ್


ನೆವಾರ್ಕ್
29 ಜೂನ್ 1913

ಅಕ್ಕಾ,

ತಂತಿಗೆ ಉತ್ತರವಿಲ್ಲ, ಪತ್ರಕ್ಕೂ ಇಲ್ಲ. ನೀನು ಬೈದರೆ ಸಾಕಾಗಿತ್ತು. ಹುಟ್ಟಿದಾಗಿನಿಂದ ನೀನು ಬೈದದ್ದು ಕೇಳಿದ್ದೇನೆ, ಸುಮ್ಮನಿದ್ದದ್ದು ಕೇಳಿಲ್ಲ.

ಸಿವರ್ಟ್


ಲೋಮೆನ್
6 ಜುಲೈ 1913, ಭಾನುವಾರ

ಸಿವರ್ಟ್,

ಮೊದಲು ಬೈಯುವುದನ್ನು ಮುಗಿಸುತ್ತೇನೆ, ಆಮೇಲೆ ಉಳಿದದ್ದು.

ನಿನ್ನ ಪೆಟ್ಟಿಗೆ ಜೂನ್ ಹದಿನಾರಕ್ಕೇ ಬಂತು. ನಿನ್ನ ಪತ್ರಕ್ಕಿಂತ ಮೊದಲು, ನಿನ್ನ ತಂತಿಗಿಂತ ಮೊದಲು. ಸ್ಟೇಷನ್ ಮಾಸ್ತರರು ನ್ಯೂಜೆರ್ಸಿಯಿಂದ ಪಾರ್ಸಲು ಬರುತ್ತಿದೆಯೆಂದು ಟೆಲಿಫೋನಿನಲ್ಲಿ ನನಗೆ ಹೇಳಿದರು. ನನಗೆ ಹೇಳಿದರು ಎಂದರೆ ನಮ್ಮ ಲೈನಿನ ಹದಿಮೂರು ಮನೆಗೂ ಹೇಳಿದ ಹಾಗೆ. ಯಾರ ಮನೆಯ ಗಂಟೆ ಬಾರಿಸಿದರೂ ಎಲ್ಲರೂ ಕಿವಿಗಿಟ್ಟುಕೊಳ್ಳುವುದು ನಿನಗೆ ಮರೆತಿಲ್ಲವಲ್ಲ. ನಾನು ಸ್ಟೇಷನ್ ಮುಟ್ಟುವಷ್ಟರಲ್ಲಿ ಮೂವತ್ತು ಜನ ನಿಂತಿದ್ದರು. ಇಬ್ಬರು ಭಾರ ಎಳೆಯುವ ಗಾಡಿ ಕಟ್ಟಿಕೊಂಡು ಬಂದಿದ್ದರು. ಒಂದು ಪೆಟ್ಟಿಗೆ ಇಳಿಯಿತು. ಉಳಿದವು ಎಲ್ಲಿ ಎಂದು ನಾನೇ ಕೇಳಿದೆ, ದೇವರೇ! ಮುಚ್ಚಳ ತೆಗೆದು ಹುಲ್ಲು ಸರಿಸಿದೆ. ಗೇಣುದ್ದದ ಎರಡು ತಗಡಿನ ಗಾಡಿ.

ರೂಸ್ಟಾಡ್ ನಗಲಿಲ್ಲ. ಹ್ಯಾಟು ತೆಗೆದು, ಸತ್ತವರ ಮನೆಯಲ್ಲಿ ಮಾತನಾಡುವ ದನಿಯಲ್ಲಿ ಕೇಳಿದ: "ಇದಕ್ಕಾ ಮೇಷ್ಟ್ರಮ್ಮ, ಆರು ಜೋಡಿ ಕುದುರೆ ಕಟ್ಟಿದ್ದು?" ಆಮೇಲೆ ಎಲ್ಲರೂ ನಕ್ಕರು. ಮರಿತ್ ಚಿಕ್ಕಮ್ಮ ಮಾತ್ರ ನನ್ನ ಭುಜ ಹಿಡಿದು ಮನೆಗೆ ಕರೆದುಕೊಂಡು ಬಂದರು.

ಪೆಟ್ಟಿಗೆ ನಾಲ್ಕು ದಿನ ಮಂಚದ ಕೆಳಗೆ ಬಿದ್ದಿತ್ತು. ನಿನ್ನ ಪತ್ರ ಬಂತು, ತಂತಿ ಬಂತು, ಇನ್ನೊಂದು ಪತ್ರ ಬಂತು. ಓದಿದೆ. ಉತ್ತರ ಬರೆಯಲು ನನ್ನಲ್ಲಿ ಒಳ್ಳೆಯ ಮಾತು ಒಂದೂ ಇರಲಿಲ್ಲ. ನೀನು ಆಟಿಕೆ ಮಾಡುತ್ತೀಯೆಂದು ನನಗೆ ಸಿಟ್ಟಿರಲಿಲ್ಲ, ಕೇಳಿಸಿಕೋ. ಇವಳಿಗೆ ನಾಚಿಕೆಯಾಗುತ್ತದೆ ಎಂದು ನೀನು ಅಂದುಕೊಂಡೆಯಲ್ಲ, ಅದಕ್ಕೆ ಸಿಟ್ಟು. ಇಷ್ಟು ವರ್ಷ ಸಾಕಿ ನಿನಗೆ ನಾನು ಅರ್ಥವಾದದ್ದು ಇಷ್ಟೇನಾ?

ಐದನೆಯ ದಿನ ಬೀಗದ ಕೈಯನ್ನು ಒರೆಸಿ ಮೇಜಿನ ಮೇಲಿಟ್ಟೆ, ರೂಸ್ಟಾಡ್‌ಗೆ ಕೊಟ್ಟುಬರೋಣವೆಂದು. ಹೊರಡುವ ಮುಂಚೆ, ಹೋಗಲಿ, ಏನು ಮಾಡಿದ್ದಾನೋ ನೋಡೋಣ ಎಂದು ಪೆಟ್ಟಿಗೆ ಎಳೆದೆ. ಚಾಲಕನ ಕನ್ನಡಕಕ್ಕೆ ಹಿಂದಿನ ಪಟ್ಟಿಯನ್ನೂ ಬರೆದಿದ್ದೀಯ. ಗಾಡಿಯ ಹೊಟ್ಟೆ ತಿರುಗಿಸಿದೆ. ಆ ಮೋಟಾರು! ಆಕ್ರೋಟು ಕಾಯಿಗಿಂತ ಸ್ವಲ್ಪ ದೊಡ್ಡದು, ತಂತಿ ಎಷ್ಟು ಒತ್ತಾಗಿದೆಯೆಂದರೆ ಉಗುರು ಆಡುವುದಿಲ್ಲ. ದಾರಿ ಜೋಡಿಸಿದೆ. ಸೆಲ್ಲು ಎಲ್ಲಿಂದ ತರುವುದು? ಗೋಡೆಯ ಟೆಲಿಫೋನಿನ ಪೆಟ್ಟಿಗೆ ಬಿಚ್ಚಿ ಅದರ ಎರಡು ಸೆಲ್ಲು ಈಚೆ ತೆಗೆದೆ. ಗಾಡಿ ಒಂದು ಸಲ ನಡುಗಿತು, ಅಷ್ಟೇ. ಆದರೆ ನಡುಗಿತು. ನಾನು ಮುಟ್ಟಿರಲಿಲ್ಲ, ನಡುಗಿತು.

ಓಡಿದೆ. ಮರಿತ್ ಚಿಕ್ಕಮ್ಮನ ಮನೆಗೆ ನಿಜವಾಗಿ ಓಡಿದೆ, ಏಪ್ರನ್ನಿನಲ್ಲೇ. "ಚಿಕ್ಕಮ್ಮಾ, ನಿಮ್ಮ ಟೆಲಿಫೋನಿನ ಸೆಲ್ಲು ಕೊಡಿ." "ಯಾಕೇ, ನಿಂದು ಸತ್ತೋಯ್ತಾ?" "ಇಲ್ಲ, ಬದುಕಿದೆ. ಬನ್ನಿ ನೋಡಿ." ದಾರಿಯಲ್ಲಿ ಇನ್ನೆರಡು ಮನೆಯಿಂದಲೂ ಕೇಳಿ ತಂದೆವು. ಎಂಟಾಯಿತು.

ಸಿವರ್ಟ್, ನಾನು ಹಿಡಿಕೆಯನ್ನು ಕೂದಲೆಳೆಯಷ್ಟು ಸರಿಸಿದೆ.

ನೀನು ಬರೆದದ್ದೆಲ್ಲ ನಿಜ. ಅದು ನನ್ನ ಅಡುಗೆಮನೆಯ ನೆಲದ ಮೇಲೆ ಹೊರಟಿತು. ಮೇಜಿನ ಕಾಲನ್ನು ಸುತ್ತಿ, ಒಲೆಯ ಮುಂದೆ ಹಾದು, ನಾನು ಹೇಳಿದಷ್ಟು ವೇಗದಲ್ಲಿ, ನಾನು ಬೇಡವೆಂದಲ್ಲಿ ನಿಧಾನವಾಗಿ, ನನ್ನ ಹತ್ತಿರ ಬಂದು ನಿಂತಿತು. ಹದಿನೇಳು ವರ್ಷದಿಂದ ಮಕ್ಕಳಿಗೆ ವಿದ್ಯುತ್ತು ಎಂದು ಹಲಗೆಯ ಮೇಲೆ ಬರೆದಿದ್ದೇನೆ. ಅದು ಇದೆಯೆಂದು ನನಗೆ ಗೊತ್ತಾದದ್ದು ಆವತ್ತು. ಮರಿತ್ ಚಿಕ್ಕಮ್ಮ ನೆಲದ ಮೇಲೇ ಕುಳಿತುಬಿಟ್ಟರು. ಗಂಡ ಸತ್ತಾಗಲೂ ಅಳದ ಹೆಂಗಸು, ಕಣ್ಣೊರೆಸಿಕೊಂಡು, "ಇನ್ನೊಂದ್ಸಲ ಓಡ್ಸೇ" ಎಂದರು.

ಜುಲೈ ನಾಲ್ಕು ಮುಗಿಯಲಿ, ಆಗ ನಿನಗೆ ಬರೆಯೋಣವೆಂದುಕೊಂಡೆ. ಆಮೇಲಿನದನ್ನು ಮಾಡಿದ್ದು ನಮ್ಮ ಲೈನಿನ ಹೆಂಗಸರು. ಜುಲೈ ನಾಲ್ಕರ ಬೆಳಿಗ್ಗೆ ಹದಿಮೂರು ಮನೆಯವರೂ ತಮ್ಮ ತಮ್ಮ ಟೆಲಿಫೋನು ಬಿಚ್ಚಿ, ಸೆಲ್ಲುಗಳನ್ನು ಮೊಟ್ಟೆಯ ಬುಟ್ಟಿಯಲ್ಲಿಟ್ಟುಕೊಂಡು ಶಾಲೆಗೆ ತಂದರು. ಇಪ್ಪತ್ತಾರು ಸೆಲ್ಲು. ಎಂಟೆಂಟರ ಮೂರು ಸಾಲು ಮಾಡಿದೆ. ಒಂದು ಸಾಲು ಸೋತರೆ ಇನ್ನೊಂದಕ್ಕೆ ತಂತಿ ಸಿಕ್ಕಿಸುವುದು. ಮಂಡಿನೋವೆಂದು ಮನೆಯಲ್ಲೇ ಉಳಿದ ಕ್ನುಟ್ ಅಜ್ಜನ ಹೆಂಡತಿ ಸೆಲ್ಲು ತೆಗೆದದ್ದು ತಿಳಿಯದೆ ಮಧ್ಯಾಹ್ನವೆಲ್ಲ ಟೆಲಿಫೋನಿನ ಹಿಡಿ ತಿರುಗಿಸಿ ಗಂಟೆ ಬಾರಿಸಿದರಂತೆ. ಗಂಟೆಗೆ ಸೆಲ್ಲು ಬೇಡವಲ್ಲ, ಎಲ್ಲ ಮನೆಯಲ್ಲೂ ಬಡಿಯುತ್ತದೆ, ಮಾತು ಮಾತ್ರ ಯಾರಿಗೂ ಹೋಗದು. ಊರೆಲ್ಲ ಸತ್ತಿದೆಯೆಂದು ಆಕೆ ಹೆದರಿ ಕುಂಟುತ್ತಾ ಶಾಲೆಯವರೆಗೂ ಬಂದರು, ಬಂದವರು ಸಂಜೆಯವರೆಗೆ ಕದಲಲಿಲ್ಲ.

ಗಂಡಸರು ನಗಲೆಂದೇ ಬಂದಿದ್ದರು. ಶಾಲೆಯ ಕೆಲವು ಬೆಂಚುಗಳನ್ನು ಜೋಡಿಸಿ ಅವುಗಳ ಮೇಲೆ ದಾರಿ ಹಾಸಿದ್ದೆ. ನಾನು ಯಾವ ಭಾಷಣವನ್ನೂ ಮಾಡಲಿಲ್ಲ. "ನನ್ನ ತಮ್ಮ ಆಟಿಕೆ ಮಾಡ್ತಾನೆ. ಇದು ಅವನು ಮಾಡಿದ್ದು" ಎಂದಷ್ಟೇ ಹೇಳಿ ಓಡಿಸಿದೆ. ಎರಡನೆಯ ಸುತ್ತಿಗೆ ನಗು ನಿಂತಿತು. ಮೂರನೆಯ ಸುತ್ತಿಗೆ ತಗಡಿನ ಮೇಲೆ ಚಕ್ರ ಉರುಳುವುದು ಕೇಳುತ್ತಿತ್ತು. ಕ್ನುಟ್ ಅಜ್ಜ ಹಾಯಿ ಹಡಗಿನಲ್ಲಿ ಸಮುದ್ರ ದಾಟಿದವರು, ಏನಕ್ಕೂ ಬೆರಗಾಗದವರು. ಬಗ್ಗಿ ಬೆಂಚಿನ ಕೆಳಗೆ ನೋಡಿ, "ಇಲಿ ಕಟ್ಟಿದ್ದೀಯೇನೇ ಒಳಗೆ?" ಎಂದರು. ಇಲ್ಲವೆಂದೆ. "ಮತ್ತೆ ಎಳೀತಿರೋದು ಯಾರು?" ಎಂದರು. ನಾನು ಸೆಲ್ಲು ತೋರಿಸಿದೆ. ನಮ್ಮ ಮಾತನ್ನು ಮನೆಯಿಂದ ಮನೆಗೆ ಹೊತ್ತುಕೊಂಡು ಹೋಗುತ್ತಿದ್ದ ಅದೇ ಶಕ್ತಿ ಅಜ್ಜಾ, ಇವತ್ತು ಮಾತು ಬಿಟ್ಟು ಓಡ್ತಿದೆ, ಎಂದೆ. ಅವರು ಟೋಪಿ ತೆಗೆದರು. ಅವರ ಪಕ್ಕದ ಇನ್ನಿಬ್ಬರೂ ತೆಗೆದರು.

ರೂಸ್ಟಾಡ್‌ಗೆ ತಡೆಯಲಾಗಲಿಲ್ಲ. "ಎಲ್ಲಿ, ಕೊಡಿ ಇಲ್ಲಿ" ಎಂದು ಒಳಗಿನ ದಾರಿಯ ಹಿಡಿಕೆಯನ್ನೇ ಹಿಡಿದ. ಮೂರು ಪಂದ್ಯ ಆಡಿದ, ಮೂರೂ ಗೆದ್ದ. ಮೀಸೆ ತಿರುವಿದ. "ಯಾರಾದ್ರೂ ಬನ್ರಪ್ಪ, ನಾನು ಹುಟ್ಟು ಚಾಲಕ!" ನನಗೆ ಅನುಮಾನ ಬಂತು. ಉಣ್ಣೆಯ ದಾರ ತಂದು ಹೊರಗಿನ ಸೀಳಿಗೊಂದು, ಒಳಗಿನದಕ್ಕೊಂದು ಹಾಸಿ ಎರಡನ್ನೂ ಎತ್ತಿ ಹಿಡಿದೆ. ಒಳಗಿನದು ಒಂದು ಮೊಳಕ್ಕೂ ಹೆಚ್ಚು ಗಿಡ್ಡ. ತಿರುವಿನಲ್ಲಿ ಒಳಗಿದ್ದವನಿಗೆ ದಾರಿ ಕಡಿಮೆ ಎಂಬುದು ಅಷ್ಟು ತಂತಿ ಸುತ್ತಿದ ನಿನಗೂ ಹೊಳೆಯಲಿಲ್ಲವೇ? ನಿನ್ನ ಮಾಲೀಕರಿಗೆ ಹೇಳು, ನಡುವೆ ಒಂದು ಕಡೆ ಎರಡೂ ದಾರಿ ಒಂದನ್ನೊಂದು ಅಡ್ಡ ಹಾಯುವಂತೆ ಮಾಡಲಿ, ಆಗ ಇಬ್ಬರಿಗೂ ಸಮವಾಗುತ್ತದೆ.

ಊರು ಹೋ ಎಂದು ಕೂಗಿತು. ರೂಸ್ಟಾಡ್ ಕೆಂಪಾಗಿ ಹೊರಗಿನ ದಾರಿಗೆ ಬಂದ. ಸೋತ. ಕೋಟು ತೆಗೆದ. ಮತ್ತೆ ಸೋತ. ತಿರುವಿನಲ್ಲಿ ಎರಡು ಸಲ ಮಗುಚಿದ. ತೋಳು ಮಡಿಸಿ, ಬಾಗಿ, ನಾಲಿಗೆ ಕಚ್ಚಿಕೊಂಡು ಕಲಿತ. ತಿರುವಿನಲ್ಲಿ ತಡೆಯುವುದನ್ನು, ನೇರ ದಾರಿಯಲ್ಲಿ ಬಿಡುವುದನ್ನು ಐವತ್ತೆಂಟು ವರ್ಷದ ಮನುಷ್ಯ ಕಲಿಯುತ್ತಿರುವುದನ್ನು ನೋಡುತ್ತಾ ನನಗೆ ಅವನ ಮೇಲಿನ ಸಿಟ್ಟೇ ಮರೆತುಹೋಯಿತು. ಕೊನೆಯ ಪಂದ್ಯ, ಒಳಗಿನ ದಾರಿಯಲ್ಲಿ ಸ್ಟೇಷನ್ ಮಾಸ್ತರರು, ಹತ್ತು ಸುತ್ತು. ಹತ್ತನೆಯ ಸುತ್ತಿನಲ್ಲಿ ರೂಸ್ಟಾಡ್ ಮುಂದೆ! ಹೊರಗಿನ ದಾರಿಯಲ್ಲಿ ಮುಂದೆ! ಜನ ಉಳಿದ ಬೆಂಚು ಹತ್ತಿದರು. ಗೆರೆಗೆ ಇನ್ನು ನಾಲ್ಕು ಬೆರಳು ಇದೆಯೆನ್ನುವಾಗ ಗಾಡಿ ನಿಧಾನವಾಯಿತು. ಇನ್ನೂ ನಿಧಾನವಾಯಿತು. ನಿಂತಿತು. ಎರಡೂ ನಿಂತವು.

ಕೊನೆಯ ಸಾಲು ಸತ್ತಿತ್ತು.

"ಏನಾಯ್ತು? ಯಾಕ್ ನಿಲ್ತು?" ರೂಸ್ಟಾಡ್ ಹಿಡಿಕೆಯನ್ನು ಕಿತ್ತು ಬರುವಂತೆ ತಳ್ಳುತ್ತಿದ್ದ. ಸೆಲ್ಲು ತೀರಿತು ಎಂದೆ. "ಇನ್ನೊಂದಿಷ್ಟು ತರ್ಸಿ." ಊರಿನಲ್ಲಿ ಇನ್ನಿಲ್ಲ. "ತೀರದೇ ಇರೋ ಹಾಗೆ ಮಾಡಕ್ಕಾಗಲ್ವಾ?" ಎಂದ. ಅವನೇ ಕೇಳಿದ ಪ್ರಶ್ನೆ ಅವನಿಗೇ ಕೇಳಿಸಿತು. ನಾನು ಮೆತ್ತಗೆ ಹೇಳಿದೆ: "ಡೈನಮೋ ಇದ್ರೆ ತೀರಲ್ಲ, ರೂಸ್ಟಾಡ್ ಅವರೇ."

ನಿನ್ನೆ ಸಭೆ. ದೀಪ ಬೇಕೆನ್ನುವವರು ಕೈ ಎತ್ತಿ ಎಂದರು. ರೂಸ್ಟಾಡ್ ಎರಡೂ ಕೈಯನ್ನು ತೊಡೆಯ ಕೆಳಗಿಟ್ಟು ಕುಳಿತಿದ್ದ. ಹಾಗೇ ಕುಳಿತು, ಕುಳಿತು, ಕೊನೆಗೆ ಒಂದು ಕೈ ಎಳೆದು ಎತ್ತಿದ. "ದೀಪಕ್ಕಲ್ಲ, ಹೇಳ್ಬಿಡ್ತೀನಿ. ನನ್ ಗಾಡಿ ಗೆರೆ ದಾಟ್ಬೇಕು, ಅದಕ್ಕೆ" ಎಂದ. ಅವನ ಹಿಂದೆ ಅವನ ಗಿರಾಕಿಗಳೆಲ್ಲ ಎತ್ತಿದರು. ದೀಪ ಗೆದ್ದಿತು. ಸಭೆಯಿಂದ ಹೋಗುವಾಗ ನನ್ನ ಕಡೆ ತಿರುಗದೆಯೇ, "ಶಾಲೆ ಸೆಪ್ಟೆಂಬರ್ ಒಂದಕ್ಕಲ್ವಾ ಮೇಷ್ಟ್ರಮ್ಮ?" ಎಂದ. ಬೀಗದ ಕೈ ನನ್ನ ಹತ್ತಿರವೇ ಇದೆ.

ನಮ್ಮ ಲೈನು ಇನ್ನು ಹತ್ತು ದಿನ ಮೂಕ. ಸೆಲ್ಲು ಬರುವವರೆಗೆ ಜನ ನಡೆದುಕೊಂಡು ಹೋಗಿ ಮಾತನಾಡಿಸುತ್ತಿದ್ದಾರೆ. ಎಲ್ಲರ ಮಾತೂ ಆ ಗಾಡಿಯದೇ.

ಇನ್ನೊಂದು ವಿಷಯ. ಇದನ್ನು ಬರೆಯಬಾರದೆಂದಿದ್ದೆ. ಆವತ್ತು ಸ್ಟೇಷನ್ನಿನಲ್ಲಿ ರೈಲು ನಿಂತಾಗ ಆ ಮೂವತ್ತು ಜನರೂ ಸಾಮಾನಿನ ಡಬ್ಬಿಯ ಕಡೆ ಓಡಿದರು. ನಾನು ಓಡಲಿಲ್ಲ. ಜನ ಇಳಿಯುವ ಬಾಗಿಲಿನ ಹತ್ತಿರ ನಿಂತಿದ್ದೆ. ರೈಲು ಹೊರಟುಹೋದ ಮೇಲೂ ಸ್ವಲ್ಪ ಹೊತ್ತು ನಿಂತಿದ್ದೆ. ಊರಿಗೆ ಬೇಕಾಗಿದ್ದದ್ದು ಗಾಡಿ, ತಮ್ಮಾ. ನನಗಲ್ಲ.

ಅಕ್ಕ


ನೆವಾರ್ಕ್
11 ಜುಲೈ 1913

ಅಕ್ಕಾ,

ಒಳಗಿನ ದಾರಿ ಗಿಡ್ಡ ಎಂದು ಬ್ರಾಕ್‌ಮನ್‌ಗೆ ದಾರ ಹಿಡಿದು ತೋರಿಸಿದೆ. ಕುರ್ಚಿಯಿಂದ ಎದ್ದು ನಿಂತರು. ಯಾರು ಕಂಡುಹಿಡಿದದ್ದು ಎಂದು ಕೇಳಿದರು, ಹೇಳಿದೆ.

ಹದಿನೆಂಟನೆಯ ತಾರೀಖು, ಶುಕ್ರವಾರ, ಮಧ್ಯಾಹ್ನದ ರೈಲು. ಪಾರ್ಸಲು ಏನೂ ಇಲ್ಲ. ಬಾಗಿಲಲ್ಲೇ ನಿಂತಿರುತ್ತೇನೆ.

ಸಿವರ್ಟ್